ಗುಳೆ ಹೋಗುವ ಮನೆಯ ಹದಿಹರೆಯದ ಮಕ್ಕಳು



ದಸರೆ, ದೀಪಾವಳಿಗಳು ಕಳೆದು ಹೊಲದ ಕೆಲಸ ಕಡಿಮೆಯಾಗುತ್ತ ಬಂದಂತೆ, ಮಳೆ ಕೈಕೊಟ್ಟ ವರ್ಷವಾದರೆ ಅದಕ್ಕೂ ಮೊದಲೇ, ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಗಂಟುಮೂಟೆ ಕಟ್ಟುವ ಕಾಲ ಬರುತ್ತದೆ. ಮೇಸ್ತ್ರಿಯಿಂದ ಮುಂಗಡ ಪಡೆದ ಕುಟುಂಬಗಳು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೊರಡುತ್ತವೆ. ಪ್ರಯಾಣಕ್ಕೆ ಮುಂಚೆ ಕೆಲವರು ಆರೋಗ್ಯ ಕೇಂದ್ರಕ್ಕೆ ಬಂದು ಜ್ವರದ ಗುಳಿಗೆ, ಕೆಮ್ಮಿನ ಔಷಧಿ ಕೇಳುವುದುಂಟು. ಕೈಗೂಸಿಗೆ ಚುಚ್ಚುಮದ್ದು ಬಾಕಿ ಇದೆಯೇ ಎಂದು ವಿಚಾರಿಸುವ ತಾಯಂದಿರೂ ಉಂಟು. ಅದು ಬಹಳ ಒಳ್ಳೆಯ ಅಭ್ಯಾಸ. ಆದರೆ ಹದಿಮೂರು ವರ್ಷದ ಮಗಳ ಬಗೆಗೆ, ಹದಿನೈದು ವರ್ಷದ ಮಗನ ಬಗೆಗೆ ನನ್ನಲ್ಲಿ ಕೇಳಿದವರು ವಿರಳ. ಅವರು ದೊಡ್ಡವರಾದರು, ಅವರ ಚಿಂತೆ ಇಲ್ಲ, ಇನ್ನು ಅವರೇ ನಮಗೆ ಕೈಗೆ ಆದರು ಎಂಬ ಭಾವನೆ ನಿಮ್ಮಲ್ಲಿ ಇರಬಹುದು. ಆ ಮಕ್ಕಳನ್ನು ಕುರಿತೇ ಇಂದು ನಾನು ನಿಮ್ಮೊಡನೆ ಕೆಲವು ಮಾತುಗಳನ್ನು ಆಡಬಯಸುತ್ತೇನೆ.

ಹತ್ತರಿಂದ ಹತ್ತೊಂಬತ್ತು ವರ್ಷಗಳವರೆಗಿನ ಅವಧಿಯನ್ನು ವೈದ್ಯಶಾಸ್ತ್ರವು ಹದಿಹರೆಯವೆಂದು ಕರೆಯುತ್ತದೆ. ತಾಯಿಯ ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲೆರಡು ವರ್ಷಗಳಲ್ಲಿ ಆದ ಬೆಳವಣಿಗೆಯನ್ನು ಬಿಟ್ಟರೆ, ಮಾನವ ದೇಹವು ಅತ್ಯಂತ ವೇಗವಾಗಿ ಬೆಳೆಯುವುದು ಈ ವರ್ಷಗಳಲ್ಲಿಯೇ. ಎಲುಬು ಗಟ್ಟಿಯಾಗುವುದು, ರಕ್ತದ ಪ್ರಮಾಣ ಹೆಚ್ಚುವುದು, ಹೆಣ್ಣುಮಕ್ಕಳಲ್ಲಿ ಸೊಂಟದ ಮೂಳೆ ಅಗಲವಾಗುವುದು, ಇವೆಲ್ಲವೂ ಈಗಲೇ ಆಗಬೇಕು. ಬಿತ್ತನೆಯ ಹದ ತಪ್ಪಿದ ಹೊಲದಂತೆ, ಈ ಕಾಲ ಕಳೆದ ಮೇಲೆ ಎಷ್ಟು ಉಣಿಸಿದರೂ ಕಳೆದುಹೋದ ಎತ್ತರ ಮರಳಿ ಬಾರದು. ಇಂಥ ವರ್ಷಗಳನ್ನು ನಿಮ್ಮ ಮಕ್ಕಳು ಎಲ್ಲಿ ಕಳೆಯುತ್ತಾರೆ ಎಂಬುದನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳೋಣ.

ಬೆಂಗಳೂರನ್ನು ಕಂಡು ಬಂದವರಿಗೆ ಆ ಶೆಡ್ಡುಗಳ ವರ್ಣನೆ ಬೇಕಿಲ್ಲ. ಆದರೂ ಈ ವರ್ಷ ಮೊದಲ ಬಾರಿಗೆ ಹೊರಡುವ ದಂಪತಿಗಳಿಗಾಗಿ ಹೇಳುತ್ತೇನೆ. ಖಾಲಿ ನಿವೇಶನವೊಂದರಲ್ಲಿ ಸಾಲಾಗಿ ಎದ್ದ ತಗಡಿನ ಇಲ್ಲವೇ ನೀಲಿ ಟಾರ್ಪಾಲಿನ ಗುಡಿಸಲುಗಳು. ಒಂದರ ಗೋಡೆಯೇ ಇನ್ನೊಂದರ ಗೋಡೆ. ಒಳಗೆ ಇಬ್ಬರು ಕೈಕಾಲು ಚಾಚಿದರೆ ಮೂರನೆಯವರಿಗೆ ಸ್ಥಳವಿಲ್ಲ. ಅದರಲ್ಲಿ ಐದಾರು ಮಂದಿಯ ಸಂಸಾರ. ಬೇಸಿಗೆಯ ಮಧ್ಯಾಹ್ನ ತಗಡು ಕಾದು ಒಳಗೆ ನಿಲ್ಲಲಾಗದು, ಮಳೆಗಾಲದಲ್ಲಿ ನೆಲದಿಂದಲೇ ನೀರು ಜಿನುಗುತ್ತದೆ. ಕುಡಿಯುವ ನೀರು ಟ್ಯಾಂಕರಿನಿಂದ ಬಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನಿಲ್ಲುತ್ತದೆ. ಶೌಚಾಲಯವಿದ್ದರೆ ಇಡೀ ಸಾಲಿಗೆ ಒಂದೋ ಎರಡೋ. ಅನೇಕ ಕಡೆ ಅದಕ್ಕೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿರುವುದಿಲ್ಲ. ನಿವೇಶನದ ಮಾಲೀಕನಿಗೆ ತಿಂಗಳಿಗಿಷ್ಟೆಂದು ಬಾಡಿಗೆ ಕೊಡಬೇಕು. ಖಾಸಗಿ ಜಾಗದಲ್ಲಿ ನಿಂತ ಇಂಥ ಶೆಡ್ಡುಗಳು ಸಾಮಾನ್ಯವಾಗಿ 1973ರ ಕಾಯಿದೆಯಂತೆ ಘೋಷಿತವಾದ ಕೊಳಚೆ ಪ್ರದೇಶಗಳ ಪಟ್ಟಿಯಲ್ಲಿ ಸೇರಿರುವುದಿಲ್ಲವಾದ್ದರಿಂದ, ಘೋಷಿತ ಪ್ರದೇಶಗಳಿಗೆ ದೊರೆಯುವ ನಲ್ಲಿ, ಚರಂಡಿ, ದೀಪಗಳ ಸೌಲಭ್ಯವೂ ಇವುಗಳಿಗೆ ಸುಲಭವಾಗಿ ದೊರೆಯದು. ಜನಗಣತಿಯಲ್ಲಿಯೂ ಹೀಗೆಯೇ. 2011ರ ಗಣತಿಯು ದೇಶದೊಳಗೆ ವಾಸಸ್ಥಳ ಬದಲಿಸಿದವರು 45 ಕೋಟಿಗೂ ಹೆಚ್ಚೆಂದು ತಿಳಿಸಿತು. ಅವರಲ್ಲಿ ಮದುವೆಯಾಗಿ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳದೇ ದೊಡ್ಡ ಪಾಲು. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುವ ನಿಮ್ಮಂಥವರು ಅಂಥ ಲೆಕ್ಕದಲ್ಲಿ ಸರಿಯಾಗಿ ಸಿಕ್ಕುವುದೇ ಕಷ್ಟ.

ಆ ಶೆಡ್ಡಿನಲ್ಲಿ ಹದಿಮೂರು ವರ್ಷದ ಹುಡುಗಿಯ ದಿನಚರಿ ಹೇಗಿರುತ್ತದೆ? ಬೆಳಗಿನ ಜಾವ ಐದಕ್ಕೆ ಎದ್ದು ಟ್ಯಾಂಕರಿಗೆ ಕೊಡ ಸಾಲಿಗಿಡಬೇಕು. ಅವ್ವ ರೊಟ್ಟಿ ಬಡಿಯುವಷ್ಟರಲ್ಲಿ ತಂಗಿ ತಮ್ಮಂದಿರ ಮುಖ ತೊಳೆಸಬೇಕು. ಅಪ್ಪ ಅವ್ವ ಎಂಟು ಗಂಟೆಗೆ ಕೆಲಸಕ್ಕೆ ಹೋದ ಮೇಲೆ ಆ ಮನೆಗೆ ಅವಳೇ ತಾಯಿ. ಸೊಂಟದ ಮೇಲೆ ಒಂದು ಕೂಸು, ಕೈ ಹಿಡಿದು ಇನ್ನೊಂದು. ಮಧ್ಯಾಹ್ನದ ಅನ್ನ ಅವಳದೇ, ಬಟ್ಟೆ ಒಗೆಯುವುದು ಅವಳದೇ. ಪಾತ್ರೆ, ಮೊಬೈಲು, ಬಚ್ಚಿಟ್ಟ ನಾಲ್ಕು ಕಾಸು ಕಾಯುವವಳೂ ಅವಳೇ. ಸಂಜೆ ಏಳಕ್ಕೆ ತಾಯಿ ಬಂದಾಗ ಈ ಮಗು ಹದಿನಾಲ್ಕು ಗಂಟೆ ದುಡಿದಿರುತ್ತದೆ. ಆದರೆ ಅವಳ ಕೂಲಿಯನ್ನು ಯಾವ ಮೇಸ್ತ್ರಿಯೂ ಬರೆದುಕೊಳ್ಳುವುದಿಲ್ಲ. ಆದ್ದರಿಂದ ಅವಳು ದುಡಿದಳೆಂದು ಮನೆಯವರಿಗೂ ತೋರುವುದಿಲ್ಲ. "ಮನೆಯಾಗ ಸುಮ್ಮನ ಕುಂತಿರ್ತಾಳ್ರಿ" ಎಂದು ಒಬ್ಬ ತಂದೆ ನನಗೆ ಹೇಳಿದನು. ಆ ಹುಡುಗಿಯು ತಲೆಸುತ್ತು ಬಂದು ಬಿದ್ದು, ಎರಡು ಕೊಡ ನೀರು ಚೆಲ್ಲಿ, ಮೊಣಕೈ ಕೆತ್ತಿಸಿಕೊಂಡು ನನ್ನ ಬಳಿಗೆ ಬಂದಿದ್ದಳು. ಅವಳ ರಕ್ತದಲ್ಲಿ ಹಿಮೋಗ್ಲೋಬಿನ್ 7 ಗ್ರಾಮಿಗಿಂತ ತುಸು ಹೆಚ್ಚಿತ್ತು. ಇರಬೇಕಾದದ್ದು ಕನಿಷ್ಠ 12 ಗ್ರಾಮ್.

ಇಲ್ಲಿ ರಕ್ತಹೀನತೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆ ಇತ್ತು; ಅದೇ ವಯಸ್ಸಿನ ಗಂಡುಮಕ್ಕಳಲ್ಲಿ ಶೇಕಡಾ 31. ಇದು ಹಳ್ಳಿ, ಪಟ್ಟಣಗಳ ಎಲ್ಲ ಮಕ್ಕಳನ್ನೂ ಸೇರಿಸಿದ ಲೆಕ್ಕ. ಗುಳೆ ಹೋದ ಮನೆಯಲ್ಲಿ ಇದಕ್ಕೆ ಇನ್ನೊಂದು ಕಾರಣ ಕೂಡಿಕೊಳ್ಳುತ್ತದೆ. ಊರಿನಲ್ಲಿದ್ದಾಗ ನಿಮ್ಮ ಊಟವು ಬಡವರ ಊಟವಾದರೂ ಸತ್ವವುಳ್ಳ ಊಟ. ಜೋಳದ ಇಲ್ಲವೇ ಸಜ್ಜೆಯ ರೊಟ್ಟಿ, ಹೆಸರುಕಾಳು, ಮಡಿಕೆಕಾಳು, ಪುಂಡಿಪಲ್ಯ, ಶೇಂಗಾ ಚಟ್ನಿ, ಹೊಲದ ಬದುವಿನ ಸೊಪ್ಪು, ಇವುಗಳಲ್ಲಿ ಕಬ್ಬಿಣಾಂಶವೂ ಸಸಾರಜನಕವೂ ಇವೆ. ಬೆಂಗಳೂರಿಗೆ ಹೋದ ಮೇಲೆ ಜೋಳದ ಹಿಟ್ಟು ಕೊಂಡು ತರಬೇಕು, ರೊಟ್ಟಿ ಬಡಿಯಲು ಹೊತ್ತಿಲ್ಲ, ಸೊಪ್ಪು ದುಬಾರಿ. ಅನ್ನ, ನೀರಾದ ಸಾರು, ಚಹಾ, ಬನ್ನು. ಮಕ್ಕಳ ಕೈಗೆ ಹತ್ತು ರೂಪಾಯಿಯ ಕುರುಕಲಿನ ಪೊಟ್ಟಣ. ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. ಬೆಂಗಳೂರಿನ ಊಟ ಮೇಲೆಂದು ಊರಿಗೆ ಬಂದು ಹೇಳಿಕೊಳ್ಳುವ ಹುಡುಗರನ್ನು ನಾನು ಕಂಡಿದ್ದೇನೆ. ನನ್ನ ಮಟ್ಟಿಗೆ ಹೇಳುವುದಾದರೆ ಅವರ ಅಜ್ಜಿಯ ಊಟವೇ ಮೇಲು.

ಆದಕಾರಣ ಹೊರಡುವಾಗ ಒಂದು ಚೀಲ ಜೋಳ, ಎರಡು ಸೇರು ಕಾಳು, ಶೇಂಗಾ, ಬೆಲ್ಲ ಕಟ್ಟಿಕೊಳ್ಳಿರಿ. ಪಡಿತರ ಚೀಟಿಯನ್ನು ಊರಿನಲ್ಲಿ ಪೆಟ್ಟಿಗೆಯಲ್ಲಿಟ್ಟು ಹೋಗಬೇಡಿರಿ. 2020ರ ಜನವರಿಯಿಂದ ಕರ್ನಾಟಕವು ಒಂದು ರಾಷ್ಟ್ರ ಒಂದು ಪಡಿತರ ವ್ಯವಸ್ಥೆಯಲ್ಲಿ ಸೇರಿದೆ. ನಿಮ್ಮ ಪಾಲಿನ ಧಾನ್ಯವನ್ನು ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿಯೂ ಪಡೆಯಬಹುದು. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದರಂತೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆಯು ಶಾಲೆಯಲ್ಲಿ ದೊರೆಯುತ್ತದೆ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯ ಮೂಲಕ ಕೊಡುವ ಏರ್ಪಾಡು ಇದೆ. ಅದನ್ನು ಬರಿಹೊಟ್ಟೆಯಲ್ಲಿ ನುಂಗಬಾರದು, ಚಹಾದೊಡನೆ ನುಂಗಬಾರದು. ಊಟದ ನಂತರ ನುಂಗಿ, ಆಗುವುದಾದರೆ ಒಂದು ಹೋಳು ನಿಂಬೆಯನ್ನು ಊಟದಲ್ಲಿ ಹಿಂಡಿಕೊಳ್ಳಲಿ. ಮಲ ಕಪ್ಪಾಗುವುದನ್ನು ಕಂಡು ಹೆದರಿ ಗುಳಿಗೆ ಎಸೆಯುವವರಿದ್ದಾರೆ; ಅದು ಗುಳಿಗೆಯ ಗುಣ, ರೋಗವಲ್ಲ. ಜಂತುಹುಳುವಿನ ಗುಳಿಗೆಯನ್ನು ವರ್ಷಕ್ಕೆರಡು ಬಾರಿ, ಫೆಬ್ರವರಿಯಲ್ಲಿ ಮತ್ತು ಆಗಸ್ಟಿನಲ್ಲಿ, ಕೊಡಲಾಗುತ್ತದೆ. ಫೆಬ್ರವರಿಯಲ್ಲಿ ನೀವು ಬೆಂಗಳೂರಿನಲ್ಲಿರುವಿರಿ. ಅಲ್ಲಿಯ ಅಂಗನವಾಡಿಯಲ್ಲಿ ಕೇಳಿರಿ.

ಇನ್ನೊಂದು ವಿಷಯವನ್ನು ಗಂಡಸರೂ ಸಂಕೋಚವಿಲ್ಲದೆ ಕೇಳಬೇಕು. ಹುಡುಗಿಯರಿಗೆ ಸಾಮಾನ್ಯವಾಗಿ ಹನ್ನೆರಡು, ಹದಿಮೂರನೆಯ ವಯಸ್ಸಿನಲ್ಲಿ ಮುಟ್ಟು ಆರಂಭವಾಗುತ್ತದೆ. ಊರಿನಲ್ಲಿ ಅವಳಿಗೆ ಒಂದು ಬಚ್ಚಲು, ಒಂದು ಹಿತ್ತಲು ಇದ್ದೀತು. ಶೆಡ್ಡಿನಲ್ಲಿ ಬಟ್ಟೆ ಬದಲಿಸಲು ಮರೆಯಿಲ್ಲ, ತೊಳೆಯಲು ನೀರಿಲ್ಲ, ಬಿಸಿಲಿಗೆ ಒಣಹಾಕಲು ನಾಚಿಕೆ. ಹೀಗಾಗಿ ಒದ್ದೆಯ ಬಟ್ಟೆಯನ್ನು ಹಾಸಿಗೆಯ ಕೆಳಗೆ ಒಣಗಿಸಿ ಮತ್ತೆ ಅದನ್ನೇ ಬಳಸುತ್ತಾರೆ. ತುರಿ, ಹುಣ್ಣು, ಸೋಂಕುಗಳಿಗೆ ಇದು ದಾರಿ. ಬಟ್ಟೆಯನ್ನು ಬಳಸುವುದರಲ್ಲಿ ತಪ್ಪೇನಿಲ್ಲ. ಸಾಬೂನಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿರಬೇಕು, ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು, ಇಷ್ಟೇ. ಅದರ ಮೇಲೊಂದು ತೆಳುವಾದ ಸೀರೆಯ ತುಂಡನ್ನು ಹೊದಿಸಿ ಹಗ್ಗದ ಮೇಲೆ ಹಾಕಿದರೆ ಯಾರ ಕಣ್ಣಿಗೂ ಬೀಳದು. ಮೊದಲ ಒಂದೆರಡು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಏಳು ದಿನಗಳಿಗಿಂತ ಹೆಚ್ಚು ಹೋದರೆ, ಇಲ್ಲವೇ ತಾಸಿಗೊಂದು ಬಟ್ಟೆ ನೆನೆಯುವಂತಿದ್ದರೆ ವೈದ್ಯರಿಗೆ ತೋರಿಸಬೇಕು. ಹಗಲು ಶೌಚಕ್ಕೆ ಹೋಗಲು ಸ್ಥಳವಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದ ಹುಡುಗಿಯರಿದ್ದಾರೆ. ಉರಿಮೂತ್ರ, ಕೆಳಹೊಟ್ಟೆಯ ನೋವು, ಚಳಿಜ್ವರ ಎಂದು ಅವರು ಬರುತ್ತಾರೆ. ನಾವು ಗುಳಿಗೆ ಕೊಡುತ್ತೇವೆ. ಆದರೆ ನಿಜವಾದ ಔಷಧಿ ಎಂದರೆ ಆ ಶೌಚಾಲಯದ ಬಾಗಿಲಿಗೆ ಒಂದು ಚಿಲಕ. ಆ ಸಾಲಿನ ನಾಲ್ಕು ಮಂದಿ ಗಂಡಸರು ಒಂದು ಭಾನುವಾರ ಕೂಡಿದರೆ ಅದನ್ನು ಹಾಕಿಬಿಡಬಹುದು. ಬಹುಮಹಡಿ ಕಟ್ಟಡಗಳಿಗೆ ಬಾಗಿಲು ಕೂರಿಸುವ ಕೈಗಳು ನಿಮ್ಮವು.

ಗಂಡುಮಕ್ಕಳ ಕಷ್ಟ ಬೇರೆ ಬಗೆಯದು. ಹದಿನಾಲ್ಕಕ್ಕೆ ಶಾಲೆ ಬಿಟ್ಟ ಹುಡುಗ ಸಿಮೆಂಟು ಹೊರುತ್ತಾನೆ, ಕಬ್ಬಿಣ ಬಗ್ಗಿಸುತ್ತಾನೆ. 2016ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ 14 ವರ್ಷದೊಳಗಿನವರನ್ನು ಕೂಲಿಗೆ ಹಚ್ಚುವಂತಿಲ್ಲ, 14ರಿಂದ 18ರವರೆಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಆದರೂ ವಯಸ್ಸು ಹೆಚ್ಚು ಹೇಳಿ ಸೇರಿಸುವುದು ನಡೆದೇ ಇದೆ. ಕೈಗೆ ದುಡ್ಡು ಬಂದೊಡನೆ ಅವನು ತನ್ನನ್ನು ಪೂರ್ಣ ಗಂಡಸೆಂದು ಎಣಿಸುತ್ತಾನೆ. ಆ ಗಂಡಸುತನದ ಮೊದಲ ಗುರುತೇ ತುಟಿಯೊಳಗಿನ ತಂಬಾಕು. ಕರ್ನಾಟಕವು ಗುಟಕಾವನ್ನು 2013ರಲ್ಲಿಯೇ ನಿಷೇಧಿಸಿತು. ವ್ಯಾಪಾರಿಗಳು ಅಡಕೆಯ ಪೊಟ್ಟಣವನ್ನು ಬೇರೆ, ತಂಬಾಕಿನ ಪೊಟ್ಟಣವನ್ನು ಬೇರೆ ಮಾಡಿ ಮಾರುವುದನ್ನು ಕಲಿತರು. ಹದಿನೇಳರ ಹುಡುಗನ ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುವುದನ್ನು ನೋಡಿದಾಗ ಆಗುವ ಸಂಕಟವನ್ನು ಮಾತಿನಲ್ಲಿ ಹೇಳಲಾರೆ. ಮಗನ ಮುಂದೆ ತಂದೆಯು ತಾನೇ ತಂಬಾಕು ತಿಕ್ಕುತ್ತಿದ್ದರೆ ನನ್ನ ಉಪದೇಶವು ಯಾವ ಪ್ರಯೋಜನಕ್ಕೂ ಬಾರದು.

ದೇಹದ ಮಾತು ಹೀಗಾಯಿತು. ಮನಸ್ಸಿನ ಮಾತನ್ನೂ ಆಡಬೇಕು, ಏಕೆಂದರೆ ವಲಸೆ ಹೋದ ಮನೆಯಲ್ಲಿ ತಂದೆತಾಯಿಗಳಿಗೂ ಮಕ್ಕಳಿಗೂ ನಡುವೆ ಇರುವ ಸಂಬಂಧವೇ ತಲೆಕೆಳಗಾಗುವುದುಂಟು. ಊರಿನಲ್ಲಿ ಯಾರನ್ನು ಕಾಣಬೇಕು, ಎಲ್ಲಿ ಸಹಿ ಮಾಡಬೇಕು ಎಂಬುದು ಅಪ್ಪನಿಗೆ ಗೊತ್ತು. ನಗರದಲ್ಲಿ ಬಸ್ಸಿನ ಫಲಕ ಓದುವವನು ಮಗ, ಮೊಬೈಲಿನಲ್ಲಿ ಹಣ ಬಂದಿತೋ ಇಲ್ಲವೋ ನೋಡುವವನು ಮಗ, ಆಸ್ಪತ್ರೆಯ ಚೀಟಿ ಓದಿ ಅವ್ವನಿಗೆ ಹೇಳುವವಳು ಮಗಳು. ಗೋವೆಗೆ, ಪುಣೆಗೆ, ಮುಂಬಯಿಗೆ ಹೋದ ಮನೆಗಳಲ್ಲಂತೂ ಹೊರಗಿನ ಭಾಷೆ ಬರುವುದು ಮಕ್ಕಳಿಗೆ ಮಾತ್ರ. ತಾಯಿಯ ಗುಪ್ತರೋಗವನ್ನು ಕೂಡ ಹನ್ನೆರಡು ವರ್ಷದ ಮಗ ವೈದ್ಯರಿಗೆ ಅನುವಾದ ಮಾಡಿ ಹೇಳಬೇಕಾಗುತ್ತದೆ. ಆ ಹುಡುಗನ ಮುಖವನ್ನು ನೀವು ನೋಡಿದ್ದೀರಾ? ಇತ್ತ ಬೆಂಗಳೂರಿನಲ್ಲಿ ಭಾಷೆ ಕನ್ನಡವೇ ಆದರೂ, ಶಾಲೆಯಲ್ಲಿ ನಿಮ್ಮ ಮಗ "ಹ್ವಾದೆ", "ಬರ್ತೀನ್ರಿ" ಎಂದರೆ ಪಕ್ಕದ ಹುಡುಗರು ನಗುತ್ತಾರೆ. ಎರಡು ತಿಂಗಳಲ್ಲಿ ಅವನು ಅವರಂತೆ ಮಾತಾಡಲು ಕಲಿಯುತ್ತಾನೆ. ಯುಗಾದಿಗೆ ಊರಿಗೆ ಬಂದಾಗ ಇಲ್ಲಿಯ ಗೆಳೆಯರು "ಬೆಂಗಳೂರಿನವ ಬಂದ" ಎಂದು ನಗುತ್ತಾರೆ. ಎರಡೂ ಕಡೆ ಪರಕೀಯನಾದ ಈ ಮಗು ಸಿಟ್ಟಿನಿಂದ ಉತ್ತರ ಕೊಟ್ಟರೆ, "ಪಟ್ಟಣದ ಗಾಳಿ ಬಡಿಯಿತು" ಎಂದು ನೀವು ಹೊಡೆಯುತ್ತೀರಿ.

ಈ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ತಾಸುಗಳ ನಿದ್ರೆ ಬೇಕು. ತಗಡಿನ ಒಂದೇ ಕೋಣೆಯಲ್ಲಿ, ಪಕ್ಕದ ಶೆಡ್ಡಿನ ಜಗಳವನ್ನೂ ಕುಡಿತದ ಗದ್ದಲವನ್ನೂ ಕೇಳುತ್ತ, ತಂದೆತಾಯಿಗಳ ಪಕ್ಕದಲ್ಲಿಯೇ ಮಲಗಿ ಅದು ಎಲ್ಲಿ ದೊರೆತೀತು? ನಡುವೆ ಒಂದು ಹಳೆಯ ಸೀರೆಯನ್ನಾದರೂ ಅಡ್ಡ ಕಟ್ಟಿರಿ. ಬೆಳೆಯುವ ಮಗಳಿಗೂ ಮಗನಿಗೂ ತಮ್ಮದೇ ಆದ ಒಂದು ಮೂಲೆ, ಪುಸ್ತಕವೋ ಬಟ್ಟೆಯೋ ಇಟ್ಟುಕೊಳ್ಳಲು ಒಂದು ಪೆಟ್ಟಿಗೆ ಬೇಕು, ಇದು ಸೋಗಲ್ಲ. ಮಗು ವಾರಗಟ್ಟಲೆ ಮಾತು ಬಿಟ್ಟರೆ, ಊಟ ಬಿಟ್ಟರೆ, ಸಾಯುವ ಮಾತಾಡಿದರೆ, ದೆವ್ವ ಬಡಿದಿದೆಯೆಂದು ಸುತ್ತಾಡದೆ ವೈದ್ಯರಲ್ಲಿಗೆ ಕರೆತನ್ನಿರಿ. 14416 ಎಂಬ ಸಂಖ್ಯೆಗೆ ಕರೆ ಮಾಡಿದರೂ ಮನಸ್ಸಿನ ಕಷ್ಟಕ್ಕೆ ಉಚಿತವಾಗಿ ಸಲಹೆ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು.

ಈಗ ನಾನು ಹೇಳಬೇಕೆಂದು ಬಂದ ಮುಖ್ಯ ವಿಷಯ. ಯಾದಗಿರಿ ಕಡೆಯ ಒಬ್ಬ ತಾಯಿ ಹದಿನೈದು ವರ್ಷದ ಮಗಳನ್ನು ಕರೆತಂದು, ಬರುವ ತಿಂಗಳು ಇವಳ ಮದುವೆ, ಮುಟ್ಟು ಮುಂದೆ ಹೋಗಲು ಗುಳಿಗೆ ಕೊಡಿರಿ ಎಂದು ಕೇಳಿದಳು. ಇಷ್ಟು ಬೇಗ ಏಕೆ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಇದು: "ನಾವಿಬ್ಬರೂ ಕೆಲಸಕ್ಕ ಹೋಗ್ತೀವ್ರಿ. ಶೆಡ್ಡಿಗೆ ಬಾಗಿಲಾ ಇಲ್ಲ. ಸೆರಗಿನಾಗ ಕೆಂಡ ಕಟ್ಟಿಕೊಂಡಂಗ ಆಗ್ಯಾದ್ರಿ." ಆ ತಾಯಿಯು ಮೂಢಳಲ್ಲ, ಕ್ರೂರಳೂ ಅಲ್ಲ. ಅವಳ ಹೆದರಿಕೆ ನಿಜವಾದದ್ದು. ಗೊತ್ತಿಲ್ಲದ ಜನ, ದಿನವಿಡೀ ಒಂಟಿಯಾಗಿರುವ ಹುಡುಗಿ. ಹೆದರದ ತಾಯಿ ಯಾರು? ಆದರೆ ಹೆದರಿಕೆಗೆ ಅವಳು ಕಂಡುಕೊಂಡ ಮದ್ದು ರೋಗಕ್ಕಿಂತ ಕೆಟ್ಟದ್ದು. ಬಾಗಿಲಿಲ್ಲದ ಶೆಡ್ಡಿಗೆ ಬೇಕಾದದ್ದು ಬಾಗಿಲು, ಅಳಿಯನಲ್ಲ.

ಹದಿನೈದರ ಹುಡುಗಿಯ ಸೊಂಟದ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನಲ್ಲಿ ಗರ್ಭ ನಿಂತರೆ ಬೆಳೆಯುವ ತಾಯಿಗೂ ಬೆಳೆಯುವ ಕೂಸಿಗೂ ಒಂದೇ ತುತ್ತಿನಲ್ಲಿ ಪಾಲು. ರಕ್ತದೊತ್ತಡ ಏರಿ ಅಪಸ್ಮಾರದಂತೆ ಸೆಳವು ಬರುವುದು, ಹೆರಿಗೆ ಅಡ್ಡಿಯಾಗುವುದು, ದಿನ ತುಂಬುವ ಮುನ್ನವೇ ಹೆರಿಗೆಯಾಗುವುದು, ಕೂಸು ತೂಕವಿಲ್ಲದೆ ಹುಟ್ಟುವುದು, ಇವೆಲ್ಲವೂ ಎಳೆಯ ತಾಯಂದಿರಲ್ಲಿ ಹೆಚ್ಚು. ಮೊದಲೇ ಏಳೆಂಟು ಗ್ರಾಮ್ ರಕ್ತವಿರುವ ಹುಡುಗಿಗೆ ಹೆರಿಗೆಯ ಸ್ವಲ್ಪ ರಕ್ತಸ್ರಾವವೂ ಪ್ರಾಣಕ್ಕೆ ಎರವಾಗಬಹುದು. ಕರ್ನಾಟಕದಲ್ಲಿ 2019–21ರ ಸಮೀಕ್ಷೆಯ ಕಾಲಕ್ಕೆ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಐವರಿಗೊಬ್ಬರು ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಕಾನೂನು ಹೆಣ್ಣಿಗೆ 18, ಗಂಡಿಗೆ 21 ಎಂದು ವಿಧಿಸಿದೆ. 2016ರ ತಿದ್ದುಪಡಿಯ ತರುವಾಯ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು. ಅಂದರೆ ಅದು ಮದುವೆಯೇ ಅಲ್ಲ. ಮಾಡಿಸಿದವರಿಗೆ ಎರಡು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗಿನ ದಂಡ ಇವೆ. ಇನ್ನೊಂದು ಮಾತನ್ನು ಆ ತಾಯಿಗೆ ಕೇಳಿದೆ: ಮದುವೆಯಾದ ಮೇಲೆ ಅವಳೆಲ್ಲಿರುತ್ತಾಳೆ? ಹುಡುಗನೂ ಬೆಂಗಳೂರಿನಲ್ಲಿಯೇ ಗೌಂಡಿ ಕೆಲಸ ಮಾಡುವವನು. ಹಾಗಾದರೆ ಅವಳು ಒಂದು ಬಾಗಿಲಿಲ್ಲದ ಶೆಡ್ಡಿನಿಂದ ಇನ್ನೊಂದು ಬಾಗಿಲಿಲ್ಲದ ಶೆಡ್ಡಿಗೆ ಹೋಗುತ್ತಾಳೆ, ಅಷ್ಟೇ ವ್ಯತ್ಯಾಸ; ಅದೂ ಗರ್ಭಿಣಿಯಾಗಿ. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಗುಳಿಗೆ ಕೇಳದೆ ಎದ್ದು ಹೋದಳು.

ಹುಡುಗಿಯನ್ನು ಕಾಪಾಡುವ ಬೇರೆ ಉಪಾಯಗಳಿಲ್ಲವೇ? ಇವೆ, ಎಲ್ಲಕ್ಕಿಂತ ದೊಡ್ಡದು ಶಾಲೆ. ಹಗಲಿನ ಆರೇಳು ತಾಸು ಅವಳು ಗುರುಗಳ ಕಣ್ಣ ಮುಂದೆ, ಜೊತೆಗಾರರ ನಡುವೆ, ಶೌಚಾಲಯವಿರುವ ಕಟ್ಟಡದಲ್ಲಿ ಇರುತ್ತಾಳೆ. ಎಂಟನೆಯ ತರಗತಿಯವರೆಗೆ ಮಾತ್ರವಲ್ಲದೆ ಒಂಬತ್ತು, ಹತ್ತನೆಯ ತರಗತಿಯವರಿಗೂ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವಿದೆ. ನಡುವರ್ಷದಲ್ಲಿ ಸೇರಿಸಿಕೊಳ್ಳುವುದಿಲ್ಲವೆಂದು, ವರ್ಗಾವಣೆ ಪತ್ರ ಬಂದಿಲ್ಲವೆಂದು ಯಾರಾದರೂ ಹಿಂದೆ ಕಳಿಸಿದರೆ ನೀವು ಸುಮ್ಮನೆ ಬರಬೇಕಾಗಿಲ್ಲ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಯಾವ ತಿಂಗಳಾದರೂ ಪ್ರವೇಶ ಕೊಡಬೇಕು. ವಯಸ್ಸಿನ ದಾಖಲೆ ಇಲ್ಲವೆಂದು, ವರ್ಗಾವಣೆ ಪತ್ರ ತಡವಾಯಿತೆಂದು ನಿರಾಕರಿಸುವಂತಿಲ್ಲ. ನಡುವೆ ಎರಡು ವರ್ಷ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಹಾಗೆ ಸೇರಿದ ಮಗುವಿಗೆ ಹದಿನಾಲ್ಕು ತುಂಬಿದರೂ ಎಂಟನೆಯ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣವಿದೆ.

ಕೂಸನ್ನು ಯಾರು ನೋಡಿಕೊಳ್ಳಬೇಕು ಎಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಮೂರು ತುಂಬಿದ ಮಗುವಿಗೆ ಅಂಗನವಾಡಿಯುಂಟು. ಹೆಂಗಸರು ಹೆಚ್ಚಾಗಿ ದುಡಿಯುವ ದೊಡ್ಡ ಕಾಮಗಾರಿಗಳಲ್ಲಿ ಶಿಶುವಿಹಾರ ಇಡಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾನೂನೇ ವಿಧಿಸಿತ್ತು; ಕೇಳುವವರಿಲ್ಲದ ಕಡೆ ಅದು ಕಾಗದದಲ್ಲಿಯೇ ಉಳಿಯಿತು. ಮೇಸ್ತ್ರಿಯಿಂದ ಮುಂಗಡ ಪಡೆಯುವಾಗಲೇ, ಶೌಚಾಲಯವಿದೆಯೇ, ಕೂಸುಗಳನ್ನು ನೋಡಿಕೊಳ್ಳಲು ವ್ಯವಸ್ಥೆಯಿದೆಯೇ ಎಂದು ಐದಾರು ದಂಪತಿಗಳು ಕೂಡಿ ಕೇಳಿರಿ. ಮುಂಗಡ ಪಡೆದ ಮೇಲೆ ಕೇಳಿದರೆ ಅವನು ಕಿವಿಗೊಡಲಾರನು.

ಎಳೆಯ ಕೂಸುಗಳು ಒಂದರ ಹಿಂದೊಂದು ಹುಟ್ಟಿದಷ್ಟೂ ಹಿರಿಯ ಮಗಳ ಶಾಲೆ ಬೇಗ ನಿಲ್ಲುತ್ತದೆ. ಎರಡು ಹೆರಿಗೆಗಳ ನಡುವೆ ಕನಿಷ್ಠ ಮೂರು ವರ್ಷಗಳ ಅಂತರವಿಡಿ ಎಂದು ನಾವು ಹೇಳುವುದು ತಾಯಿಯ ಆರೋಗ್ಯಕ್ಕಾಗಿ ಮಾತ್ರವಲ್ಲ, ಆ ಹುಡುಗಿಯ ಸೊಂಟದ ಮೇಲಿನ ಭಾರ ಇಳಿಯಲೆಂದೂ ಹೌದು. ಗುಳೆ ಹೋಗುವವರಿಗೆ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ 'ಅಂತರ' ಚುಚ್ಚುಮದ್ದು, 'ಛಾಯಾ' ಗುಳಿಗೆ, ಕಾಪರ್-ಟಿ ಇವೆಲ್ಲವೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಚುಚ್ಚುಮದ್ದಿನ ಚೀಟಿಯನ್ನು ಜೊತೆಗೆ ಒಯ್ದರೆ ಮುಂದಿನದನ್ನು ಬೆಂಗಳೂರಿನಲ್ಲಿಯೇ ಪಡೆಯಬಹುದು. ಮಕ್ಕಳು ಸಾಕೆನಿಸಿದ ಗಂಡಸರಿಗೆ ಹೊಲಿಗೆಯಿಲ್ಲದ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಎರಡು ದಿನ ವಿಶ್ರಾಂತಿ ಪಡೆದು ಹಗುರಾದ ಕೆಲಸಕ್ಕೆ ಹೋಗಬಹುದು. ಭಾರ ಎತ್ತುವುದನ್ನು ಮಾತ್ರ ವಾರದ ಮಟ್ಟಿಗೆ ಬಿಡಬೇಕು. ಮೂರು ತಿಂಗಳವರೆಗೆ ನಿರೋಧ್ ಬಳಸಬೇಕು. ಹೆಂಗಸರ ಶಸ್ತ್ರಚಿಕಿತ್ಸೆಗಿಂತ ಇದು ಸುಲಭ. ಆದರೂ ನಮ್ಮಲ್ಲಿ ಬಹುತೇಕ ಹೆಂಗಸರೇ ಬಂದು ಮೇಜಿನ ಮೇಲೆ ಮಲಗುತ್ತಾರೆ. ಇಟ್ಟಿಗೆ ಹೊತ್ತು ಐದನೆಯ ಮಹಡಿ ಏರುವ ಗಂಡಸು ಇಷ್ಟಕ್ಕೇಕೆ ಅಂಜುವನೋ ನಾನರಿಯೆ.

ಹದಿಹರೆಯದ ಮಕ್ಕಳನ್ನು ಊರಿನಲ್ಲಿಯೇ ಬಿಟ್ಟು ಹೋಗುವುದೋ, ಕರೆದೊಯ್ಯುವುದೋ? ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. ವಿದ್ಯಾರ್ಥಿನಿಲಯದಲ್ಲಿ, ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಸ್ಥಳ ದೊರೆತರೆ ಬಿಟ್ಟು ಹೋಗುವುದೇ ಮೇಲೆಂದು ನನ್ನ ಅಭಿಪ್ರಾಯ. ಊಟವೂ ಓದೂ ನಿಲ್ಲುವುದಿಲ್ಲ. ಅದಕ್ಕೆ ಹೊರಡುವ ವಾರ ಓಡಾಡಿದರೆ ಆಗದು; ಅರ್ಜಿ ಕರೆಯುವ ಕಾಲವನ್ನು ಶಾಲೆಯ ಗುರುಗಳಲ್ಲಿ ಮೊದಲೇ ಕೇಳಿಡಬೇಕು. ಆದರೆ ಕಣ್ಣು ಕಾಣದ ಮುದುಕಿಯ ಬಳಿ ಹದಿನಾಲ್ಕರ ಹುಡುಗಿಯೊಬ್ಬಳನ್ನೇ ಬಿಟ್ಟು ಹೋಗುವುದು ಕಾಪಾಡಿದಂತಲ್ಲ. ಅವಳನ್ನು ಕರೆದೊಯ್ಯಿರಿ, ಹೋದ ವಾರದೊಳಗೆ ಅಲ್ಲಿಯ ಶಾಲೆಗೆ ಸೇರಿಸಿರಿ. ಎಲ್ಲಿಯೇ ಇರಲಿ, "ಆ ಕಡೆ ನೀರಿಗೆ ಹೋಗಲಾರೆ", "ಆ ಮಾಮನ ಮನೆಗೆ ಹೋಗಲಾರೆ" ಎಂದು ಮಗು ಹೇಳಿದಾಗ ಗದರಿಸದೆ, ಏಕೆ ಎಂದು ಕೇಳಿರಿ. ಅದು ಹೇಳಿದ್ದನ್ನು ನಂಬಿರಿ. 1098 ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಮಗು ತಾನೇ ಮಾಡಬಹುದು. ಆ ನಾಲ್ಕು ಅಂಕಿಗಳನ್ನು ಶೆಡ್ಡಿನ ತಗಡಿನ ಮೇಲೆ ಇದ್ದಿಲಿನಿಂದ ಬರೆದಿಡಿರಿ.

ಹೊರಡುವ ಮುಂಚೆ ಕಾಗದಪತ್ರಗಳದೊಂದು ಮಾತು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ಶೆಡ್ಡುಗಳನ್ನು ಕೆಡವಲಾಯಿತು. ಅಲ್ಲಿ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ವಿಷಯವು ಹೈಕೋರ್ಟಿನವರೆಗೂ ಹೋಯಿತು. ಶೆಡ್ಡು ಬಿದ್ದ ದಿನ ಅದರೊಂದಿಗೆ ಮಕ್ಕಳ ಪುಸ್ತಕ, ಅಂಕಪಟ್ಟಿಗಳೂ ಮಣ್ಣುಪಾಲಾಗಬಹುದು. ಆದ್ದರಿಂದ ಮಕ್ಕಳ ಜನನ ಪತ್ರ, ವರ್ಗಾವಣೆ ಪತ್ರ, ಆಧಾರ್, ಚುಚ್ಚುಮದ್ದಿನ ಚೀಟಿ ಇವುಗಳ ಒಂದೊಂದು ಪ್ರತಿಯನ್ನು ಊರಿನಲ್ಲಿ ನಂಬಿಕೆಯವರ ಬಳಿ ಇಟ್ಟು, ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದರೆ ಮಕ್ಕಳ ಓದಿಗೆ ಸಹಾಯಧನ ಕೇಳಬಹುದು. ಬೆಂಗಳೂರಿನಲ್ಲಿ ಜ್ವರ, ಕೆಮ್ಮು, ಮುಟ್ಟಿನ ತೊಂದರೆ, ಏನೇ ಆದರೂ ಮೊದಲು ಹತ್ತಿರದ 'ನಮ್ಮ ಕ್ಲಿನಿಕ್'ಗೆ ಹೋಗಿರಿ. ಔಷಧಿಯೂ ತಪಾಸಣೆಯೂ ಉಚಿತ. ಹದಿಹರೆಯದವರೊಡನೆ ಗುಟ್ಟಾಗಿ ಮಾತಾಡಿ ಸಲಹೆ ನೀಡಲು ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಎಂಬ ಕೊಠಡಿ ಇದೆ. ಅಲ್ಲಿಗೆ ಮಗಳನ್ನು ಕರೆದೊಯ್ದ ತಾಯಿಯು ಸ್ವಲ್ಪ ಹೊತ್ತು ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳಬೇಕು.

ಈ ವರ್ಷ ಹೊರಡುವವರು ಮುಂದಿನ ವಾರದೊಳಗೆ ಹತ್ತರಿಂದ ಹತ್ತೊಂಬತ್ತರವರೆಗಿನ ನಿಮ್ಮ ಮಕ್ಕಳನ್ನು ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ರಕ್ತಪರೀಕ್ಷೆ ಮಾಡಿ, ತೂಕ ಎತ್ತರಗಳನ್ನು ಬರೆದು, ಮೂರು ತಿಂಗಳ ಗುಳಿಗೆ ಕೊಟ್ಟು ಕಳಿಸುತ್ತೇವೆ. ಗಂಡುಮಕ್ಕಳನ್ನೂ ಕರೆತನ್ನಿರಿ. ಬೆಳಗಿನ ಹೊತ್ತು ಬಂದರೆ ಕಾಯಬೇಕಾಗುವುದಿಲ್ಲ.